ಮನೆಯಲ್ಲಿದ್ದೇ ಪದವಿ



ಹೊಲಮನೆ ಬಿಟ್ಟು ಕದಲಲಾಗದವರಿಗೂ ಪದವಿ ಪಡೆಯುವ ದಾರಿಯುಂಟು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇಲ್ಲಿ ಬಿ.ಎ., ಬಿ.ಕಾಂ. ಪದವಿಗಳನ್ನು ಕನ್ನಡದಲ್ಲೇ ಓದಬಹುದು. ಮೂರು ವರ್ಷದ ಓದನ್ನು ಮುಗಿಸಲು ಆರು ವರ್ಷದವರೆಗೆ ಕಾಲಾವಕಾಶವಿದೆ. ಆದರೂ ಸುಗ್ಗಿಯ ಕಾಲದಲ್ಲಿ ಪುಸ್ತಕ ಮೂಲೆ ಸೇರುವುದೇ ಹೆಚ್ಚು. ಬೆಳಗಿನ ಹಾಲು ಕರೆದ ಮೇಲೆ ಒಂದು ಗಂಟೆಯನ್ನು ಓದಿಗೆಂದೇ ಮೀಸಲಿಟ್ಟರೆ ಪರೀಕ್ಷೆ ಹೊರೆಯಾಗದು.

ಬಿ.ಎಸ್‌ಸಿ. ಕೃಷಿ ಪದವಿ ಮಾತ್ರ ಈ ದಾರಿಯಲ್ಲಿ ಸಿಗುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮ ಅದಕ್ಕೆ ಅವಕಾಶ ಕೊಟ್ಟಿಲ್ಲ. ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬಾರದು.

ಮಾನ್ಯತೆಯ ವಿಷಯದಲ್ಲಂತೂ ಸಂಕೋಚವೇ ಬೇಡ, ವಿಚಾರಿಸಿಯೇ ಸೇರಬೇಕು. ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಆಯೋಗ 2015ರಲ್ಲಿ ಪ್ರಕಟಿಸಿದಾಗ, ಅಷ್ಟರಲ್ಲಿ ಸೇರಿದ್ದವರು ಕಂಗಾಲಾದರು. 2018-19ರಿಂದ ಮಾನ್ಯತೆ ಮತ್ತೆ ದೊರೆಯಿತು. ಆದ್ದರಿಂದ ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಂಡೇ ಶುಲ್ಕ ಕಟ್ಟಬೇಕು.

ಪ್ರವೇಶ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಮುಂಗಾರಿನ ಗಡಿಬಿಡಿಯಲ್ಲಿ ಜುಲೈ ಸಾಲಿನದು ತಪ್ಪಿದವರು ಜನವರಿ ಸಾಲಿಗೆ ಸೇರಬಹುದು.