ಮಾತ್ರೆಯ ಜೊತೆಗೆ ಒಂದು ಲೋಟ ನೀರು

(ಭದ್ರಾವತಿಯ ನ್ಯೂ ಟೌನ್‌ನಲ್ಲಿ ರೋಗಿಗಳು ಮತ್ತು ಅವರ ಮನೆಯವರಿಗಾಗಿ ನಡೆದ ಆರೋಗ್ಯ ತಿಳುವಳಿಕೆ ಕಾರ್ಯಕ್ರಮದಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳು)



ಮೊದಲು ನಿಮಗೊಂದು ಪ್ರಶ್ನೆ. ನಿನ್ನೆ ರಾತ್ರಿ ಮಾತ್ರೆ ತೆಗೆದುಕೊಂಡಿರಲ್ಲ, ಅದಕ್ಕೆ ಎಷ್ಟು ನೀರು ಕುಡಿದಿರಿ? ಎಷ್ಟು ಹೊತ್ತಿನ ಮೇಲೆ ಮಲಗಿದಿರಿ? "ಒಂದು ಗುಟುಕು ಸಾಕು ಸಿಸ್ಟರ್, ಜಾಸ್ತಿ ಕುಡಿದರೆ ರಾತ್ರಿಯೆಲ್ಲಾ ಏಳಬೇಕಾಗುತ್ತೆ" ಎಂದು ಹಿರಿಯರು ನನಗೆ ದಿನವೂ ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ನರ್ಸಿಂಗ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಗ ನನಗೆ ಜ್ವರ ಬಂತು. ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ರಾತ್ರಿ ಪಾಳಿ ಮುಗಿಸಿ ಹಾಸ್ಟೆಲ್ಲಿಗೆ ಬಂದವಳು ಹಾಸಿಗೆಯ ಮೇಲೆ ಒರಗಿಕೊಂಡೇ ಕ್ಯಾಪ್ಸೂಲ್ ಬಾಯಿಗೆ ಹಾಕಿ, ಒಂದು ಗುಟುಕು ನೀರು ಕುಡಿದು ನಿದ್ದೆ ಹೋದೆ. ಸಂಜೆ ಎದ್ದಾಗ ಎದೆಯ ನಡುವೆ ಕೆಂಡ ಇಟ್ಟಂತೆ ಉರಿ. ಉಗುಳು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಹೃದಯಕ್ಕೇ ಏನೋ ಆಯಿತೆಂದು ಹೆದರಿದೆ. ಇ.ಸಿ.ಜಿ. ಸರಿಯಾಗಿತ್ತು. ವೈದ್ಯರು, "ಮಾತ್ರೆ ಹೇಗೆ ನುಂಗಿದಿರಿ?" ಎಂದು ಕೇಳಿದಾಗ ಉತ್ತರ ಹೇಳಲು ನಾಚಿಕೆಯಾಯಿತು. ನಾಲ್ಕೈದು ದಿನ ತಣ್ಣನೆಯ ಗಂಜಿಯೇ ಊಟ. ಆಗ ಕಲಿತ ಪಾಠವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಂಟಲಿನಿಂದ ಹೊಟ್ಟೆಯವರೆಗೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವಿದೆ. ಕಾರ್ಖಾನೆಯಲ್ಲಿ ದುಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಇದನ್ನು ಕಬ್ಬಿಣದ ಪೈಪ್ ಎಂದುಕೊಳ್ಳಬೇಡಿ. ಇದು ಮೆತ್ತನೆಯ ಮಾಂಸದ ಕೊಳವೆ. ತುತ್ತನ್ನು ಹಿಂಡುತ್ತಾ ಹಿಂಡುತ್ತಾ ಕೆಳಕ್ಕೆ ತಳ್ಳುತ್ತದೆ. ಹೃದಯದಿಂದ ಹೊರಟ ಮಹಾಪಧಮನಿ ಎದೆಯಲ್ಲಿ ಇದಕ್ಕೆ ಒತ್ತಿಕೊಂಡು ಹೋಗುತ್ತದೆ. ಆ ಜಾಗ ಸ್ವಲ್ಪ ಕಿರಿದು. ನೀರು ಸಾಲದಿದ್ದರೆ ಮಾತ್ರೆ ಅಲ್ಲೇ ಅಂಟಿಕೊಳ್ಳುತ್ತದೆ. ಕ್ಯಾಪ್ಸೂಲಿನ ಹೊದಿಕೆ ಒದ್ದೆಯಾದರೆ ಅಂಟಿನಂತಾಗುತ್ತದೆ. ನಿದ್ದೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಕಡಿಮೆ. ಹೊಟ್ಟೆಯಲ್ಲಿ ಕರಗಬೇಕಾದ ಔಷಧಿ ಒಂದೇ ಜಾಗದಲ್ಲಿ ಕರಗಿ, ಒಳಚರ್ಮವನ್ನು ಸುಟ್ಟು ಹುಣ್ಣು ಮಾಡುತ್ತದೆ. ಪೊಟ್ಯಾಸಿಯಂ ಮಾತ್ರೆಯಿಂದ ಹೀಗೆ ಅನ್ನನಾಳದಲ್ಲಿ ಹುಣ್ಣಾಗುವುದನ್ನು 1970ರಲ್ಲೇ ವೈದ್ಯರು ವರದಿ ಮಾಡಿದ್ದರು.

ಎಲ್ಲ ಮಾತ್ರೆಗಳೂ ಹೀಗೆ ಸುಡುವುದಿಲ್ಲ. ಆದರೆ ಕೆಲವು ನಮ್ಮ ಮನೆಗಳಲ್ಲಿ ದಿನವೂ ಬಳಕೆಯಲ್ಲಿವೆ.

* ಡಾಕ್ಸಿಸೈಕ್ಲಿನ್: ಇಲಿ ಜ್ವರ, ಸ್ಕ್ರಬ್ ಟೈಫಸ್ ಬಂದವರಿಗೆ ಕೊಡುತ್ತಾರೆ. ಗದ್ದೆ, ತೋಟದ ಕೆಲಸ ಮಾಡುವವರು ಇದರ ಹೆಸರು ಕೇಳಿರುತ್ತೀರಿ. ಮೊಡವೆಗೂ ಕೊಡುವುದುಂಟು. ಕರಗಿದಾಗ ಇದು ಬಹಳ ಆಮ್ಲೀಯ.
* ಕಬ್ಬಿಣಾಂಶದ ಮಾತ್ರೆ: ಗರ್ಭಿಣಿಯರು, ರಕ್ತಹೀನತೆ ಇರುವವರು, ಶಾಲಾ ಮಕ್ಕಳು ತೆಗೆದುಕೊಳ್ಳುವುದು.
* ನೋವಿನ ಮಾತ್ರೆಗಳು: ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್. ಜೊತೆಗೆ ಆಸ್ಪಿರಿನ್.
* ಪೊಟ್ಯಾಸಿಯಂ ಮಾತ್ರೆ.
* ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೋನೇಟ್: ಇದರಿಂದ ಅನ್ನನಾಳಕ್ಕೆ ತೀವ್ರ ಗಾಯವಾದ ವರದಿಗಳು 1996ರಲ್ಲಿ ಬಂದ ಮೇಲೆ ನುಂಗುವ ಕ್ರಮದ ಬಗ್ಗೆ ವಿಶೇಷ ಎಚ್ಚರಿಕೆ ಹೇಳುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಪೂರ್ತಿ ಲೋಟ ಬರೀ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು. ಕಾಫಿ ಆಮೇಲೆ.

ಈ ಪಟ್ಟಿ ಕೇಳಿ ಹೆದರಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಹೃದಯದ ತೊಂದರೆ ಇರುವವರು ಆಸ್ಪಿರಿನ್ ಅನ್ನು ತಾವಾಗಿಯೇ ಬಿಟ್ಟರೆ ಜೀವಕ್ಕೇ ಅಪಾಯ. ಬದಲಾಯಿಸಬೇಕಾದದ್ದು ನುಂಗುವ ರೀತಿಯನ್ನು.

ಇವಿಷ್ಟನ್ನು ಪಾಲಿಸಿ:

1. ನಿಂತು ಅಥವಾ ನೆಟ್ಟಗೆ ಕುಳಿತು ನುಂಗಿ. ಮೊದಲು ಒಂದು ಗುಟುಕು ನೀರು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳಿ.
2. ಒಂದೊಂದೇ ಮಾತ್ರೆ ನುಂಗಿ. ಒಂದು ಲೋಟ ನೀರು ಕುಡಿಯಿರಿ.
3. ನುಂಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ರಾತ್ರಿ ಮಾತ್ರೆಯನ್ನು ಹಾಸಿಗೆಗೆ ಹೋಗುವಾಗ ನುಂಗುವ ಬದಲು ಊಟವಾದ ಕೂಡಲೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.
4. ಹೃದಯ ಅಥವಾ ಕಿಡ್ನಿ ಕಾಯಿಲೆಗಾಗಿ ನೀರು ಕಡಿಮೆ ಕುಡಿಯಲು ಹೇಳಿದ್ದರೆ, ದಿನದ ಲೆಕ್ಕದ ನೀರಿನಲ್ಲೇ ಮಾತ್ರೆಗೆ ಎಷ್ಟು ಎತ್ತಿಡಬೇಕೆಂದು ನಮ್ಮಲ್ಲಿ ವಿಚಾರಿಸಿ.
5. ನುಂಗಲು ಕಷ್ಟವೆಂದು ಮಾತ್ರೆ ಪುಡಿ ಮಾಡುವುದು, ಕ್ಯಾಪ್ಸೂಲ್ ಬಿಚ್ಚುವುದು ಬೇಡ. ಕೆಲವನ್ನು ಹಾಗೆ ಮಾಡಬಾರದು. ಎಷ್ಟೋ ಔಷಧಿಗಳು ಸಿರಪ್ ರೂಪದಲ್ಲಿ ಸಿಗುತ್ತವೆ, ಕೇಳಿ.

ಸೊಸೆಯಂದಿರಿಗೆ, ಮಕ್ಕಳಿಗೆ ಒಂದು ಮಾತು. ಹಾಸಿಗೆ ಹಿಡಿದ ಅತ್ತೆಗೋ ಅಪ್ಪನಿಗೋ ಮಲಗಿದ್ದಂತೆಯೇ ಚಮಚದಲ್ಲಿ ನೀರು ಬಿಟ್ಟು ಮಾತ್ರೆ ಕೊಡಬೇಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ನುಂಗಿದ ಮೇಲೂ ಹಾಗೆಯೇ ಕೂರಿಸಿರಿ. ಪಾರ್ಶ್ವವಾಯು ಆದವರಿಗೆ ನುಂಗುವಾಗ ಕೆಮ್ಮು ಬರುತ್ತಿದ್ದರೆ, ಏನನ್ನೂ ಕೊಡುವ ಮೊದಲು ವೈದ್ಯರಿಗೆ ತಿಳಿಸಿ.

ಇನ್ನೊಂದು ಮುಖ್ಯ ವಿಷಯ. ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿದರೆ ಶೀಟನ್ನು ಕತ್ತರಿಸಿ ಕೊಡುತ್ತಾರೆ. ಕಣ್ಣು ಮಂಜಾದ ಹಿರಿಯರು ಅದನ್ನು ಕವಚದ ಸಮೇತ ನುಂಗಿಬಿಡುವುದುಂಟು. ಅದರ ಚೂಪು ಅಂಚು ಅನ್ನನಾಳವನ್ನು ಸೀಳಬಲ್ಲದು, ತೂತನ್ನೇ ಮಾಡಬಲ್ಲದು. ಶೀಟನ್ನು ಬಿಡಿಬಿಡಿಯಾಗಿ ಕತ್ತರಿಸಿಡಬೇಡಿ. ಕೊಡುವ ಹೊತ್ತಿಗೆ ಮಾತ್ರೆಯನ್ನು ಬಿಡಿಸಿ ಕೈಗೆ ಕೊಡಿ. ಕವಚ ನುಂಗಿದ ಅನುಮಾನ ಬಂದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಬೇಡಿ, ವಾಂತಿ ಮಾಡಿಸಬೇಡಿ. ನೇರ ಆಸ್ಪತ್ರೆಗೆ ಕರೆತನ್ನಿ.

ಮಾತ್ರೆ ನುಂಗಿದ ಮೇಲೆ ಎದೆಯ ನಡುವೆ ಉರಿ, ನುಂಗುವಾಗ ನೋವು, ಏನೋ ಸಿಕ್ಕಿಕೊಂಡಂತೆ ಅನಿಸಿದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಕಾಣಿ. ಬೇಕಿದ್ದರೆ ಅವರು ಔಷಧಿ ಬದಲಿಸುತ್ತಾರೆ, ಆಮ್ಲ ತಗ್ಗಿಸುವ ಮಾತ್ರೆ ಕೊಡುತ್ತಾರೆ, ಕೆಲವರಿಗೆ ಎಂಡೋಸ್ಕೋಪಿ ಮಾಡಿಸುತ್ತಾರೆ. ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಹುಣ್ಣು ಮಾಯುತ್ತದೆ. ಅಲಕ್ಷ್ಯ ಮಾಡಿದರೆ ರಕ್ತಸ್ರಾವವಾಗಬಹುದು, ನಾಳ ಕಿರಿದಾಗಬಹುದು. ಉಗುಳನ್ನೂ ನುಂಗಲಾಗದಿದ್ದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಗಾದರೆ ಕೂಡಲೇ ಬನ್ನಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಯಾವುದು ಯಾವುದೆಂದು ವೈದ್ಯರು ನೋಡಿ ಹೇಳುತ್ತಾರೆ.

ಕೊನೆಗೆ ಒಂದು ಎಚ್ಚರಿಕೆ. ನನ್ನ ಕಥೆ ಕೇಳಿ, ಎದೆನೋವು ಬಂದಾಗ "ಇದು ಮಾತ್ರೆಯದೇ ಇರಬೇಕು" ಎಂದು ಮನೆಯಲ್ಲಿ ಕೂರಬೇಡಿ. ನೋವು ಯಾವುದರದ್ದೆಂದು ನರ್ಸಾದ ನನಗೇ ಗೊತ್ತಾಗಿರಲಿಲ್ಲ, ಇ.ಸಿ.ಜಿ. ನೋಡಿದ ಮೇಲೆಯೇ ಗೊತ್ತಾದದ್ದು. ಎದೆ ಹಿಂಡಿದಂತಾಗಿ ಬೆವರು, ಉಸಿರಾಟದ ತೊಂದರೆ ಬಂದರೆ, ನೋವು ಕೈಗೋ ದವಡೆಗೋ ಹರಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಇಂದು ರಾತ್ರಿ ಮಾತ್ರೆಯ ಡಬ್ಬಿಯ ಪಕ್ಕದಲ್ಲೇ ಒಂದು ಲೋಟ ನೀರನ್ನೂ ಇಟ್ಟುಕೊಳ್ಳಿ. ರಾತ್ರಿ ಒಂದು ಸಲ ಎದ್ದರೆ ಏಳಲಿ, ತೊಂದರೆಯಿಲ್ಲ. ದೀಪ ಹಾಕಿಕೊಂಡು ನಿಧಾನವಾಗಿ ನಡೆಯಿರಿ.