ಬಾನುಲಿಯೂ ತೆಂಗಿನ ಸೀಮೆಯ ಹಾಡೂ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳು ತೆಂಗಿಗೆ ಹೆಸರಾದವು. ಅಲ್ಲಿ ತೆಂಗು ಬೆಳೆದಂತೆ ಹಾಡೂ ಬೆಳೆದಿದೆ. ಆ ಹಾಡಿಗೂ ಬಾನುಲಿಗೂ ಇರುವ ನಂಟನ್ನು ಕುರಿತು ಎರಡು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ.

ಮೊದಲು ಬಾನುಲಿಯ ಚರಿತ್ರೆ. 1935ನೆಯ ಇಸವಿ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವಾಟ್. ಒಂದು ಸಣ್ಣ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು ಮಾತ್ರ. ಕುವೆಂಪು ಅವರ ಕವನವಾಚನದಿಂದ ಪ್ರಸಾರಕ್ಕೆ ನಾಂದಿಯಾಯಿತು. ಸಂಸ್ಥಾನದ ಸರ್ಕಾರವು ಮುಂದೆ ಈ ನಿಲಯದ ಹೊಣೆಯನ್ನು ಹೊತ್ತಿತು. 1950ರ ಏಪ್ರಿಲ್ 1ರಂದು ಅದು ಅಖಿಲ ಭಾರತ ರೇಡಿಯೋಗೆ ಸೇರಿತು; 1955ರಲ್ಲಿ ಬೆಂಗಳೂರಿಗೆ ಹೋಯಿತು. ‘ಆಕಾಶವಾಣಿ’ ಎಂಬ ಮೈಸೂರಿನ ಹೆಸರು ಆ ದಶಕದಲ್ಲಿಯೇ ದೇಶದ ಬಾನುಲಿಗೆಲ್ಲ ಹೆಸರಾಯಿತು.

ಕಡಲಾಚೆಯ ಒಂದು ನಿದರ್ಶನವನ್ನೂ ನೋಡೋಣ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಒಂದು ವಿಮಾ ಕಂಪೆನಿಯು ಸ್ಥಾಪಿಸಿದ್ದ ನಿಲಯವು 1925ರ ನವೆಂಬರಿನಲ್ಲಿ ವೃದ್ಧ ಪಿಟೀಲುಗಾರನೊಬ್ಬನನ್ನು ಕರೆಸಿ ನುಡಿಸಿತು. ಅಂದು ಮೊದಲಾದ ನಾಡಹಾಡಿನ ಕಾರ್ಯಕ್ರಮವು ‘ಗ್ರಾಂಡ್ ಓಲ್ ಆಪ್ರಿ’ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಹಳ್ಳಿಯವರು ಅಲ್ಲಿ ಕೇಳುವವರು ಮಾತ್ರವಲ್ಲ, ಹಾಡುವವರೂ ಆದರು.

ಇನ್ನು ನಮ್ಮ ತೆಂಗಿನ ಸೀಮೆಗೆ ಬರೋಣ. ಅಲ್ಲಿಯ ಮೂಡಲಪಾಯ ಯಕ್ಷಗಾನವು ರಾತ್ರಿ ಮೊದಲಾಗಿ ಬೆಳಗಿನ ಜಾವದವರೆಗೆ ನಡೆಯುವಂಥದು. ಭಾಗವತನ ಪದ, ಮದ್ದಳೆಯ ಪೆಟ್ಟು, ಮುಖವೀಣೆಯ ನಾದ, ನಡುನಡುವೆ ಹನುಮನಾಯಕನ ಹಾಸ್ಯ. ಇವೆಲ್ಲ ಸೇರಿದರೆ ಆಟ. ಬಾನುಲಿಯ ಗಡಿಯಾರವಾದರೋ ನಿಮಿಷಗಳನ್ನು ಎಣಿಸುವಂಥದು. ಇಡೀ ಇರುಳಿನ ಆಟದಿಂದ ಕಾಲು ಗಂಟೆಯ ಪದವನ್ನು ಕೊಯ್ದು ಕೊಟ್ಟರೆ ಅದರ ಸ್ವಾರಸ್ಯ ಎಷ್ಟು ಉಳಿದೀತು? ಗ್ರಾಮದೇವತೆಯ ಜಾತ್ರೆಯ ಸೋಮನ ಕುಣಿತವನ್ನು ತೆಗೆದುಕೊಳ್ಳಿ. ಅರೆಯ ದನಿ ಬಾನುಲಿಯಲ್ಲಿ ಕೇಳಿಸಬಹುದು. ತಲೆಯ ಮೇಲೆ ಹೊತ್ತ ಆ ದೊಡ್ಡ ಮೊಗವಾಡದ ಬಣ್ಣವನ್ನು ಕಿವಿಗೆ ತೋರಿಸುವುದೆಂತು?

ಹಾಗೆಂದು ಬಾನುಲಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಊರಿನ ಎಲ್ಲೆಯನ್ನು ದಾಟದಿದ್ದ ದನಿಯನ್ನು ಅದು ನಾಡಿಗೆಲ್ಲ ಕೇಳಿಸಬಲ್ಲುದು. ಮುದ್ರಿಸಿಟ್ಟ ಹಾಡು ಹಾಡಿದವರ ಕಾಲಾನಂತರವೂ ಉಳಿಯಬಲ್ಲುದು. ಆದರೆ ಉಳಿಯುವುದು ಬೇರೆ, ಬೆಳೆಯುವುದು ಬೇರೆ. ಈ ಭೇದವನ್ನು ತಿಪಟೂರು ಸೀಮೆಯ ರೈತನಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅವನು ಕಾಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷಕಾಲ ಇಡುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವಾಗ ಅದು ಉಂಡೆಕೊಬ್ಬರಿ. ಅದು ಕೆಡದೆ ನಿಲ್ಲುತ್ತದೆ, ದೂರದ ಪೇಟೆಗೂ ಹೋಗುತ್ತದೆ. ಆದರೆ ನೆಟ್ಟರೆ ಮೊಳೆಯದು. ಆದುದರಿಂದ ಎಷ್ಟೇ ಬೆಲೆ ಬಂದರೂ ಜಾಣನಾದವನು ಕಾಯನ್ನೆಲ್ಲ ಅಟ್ಟಕ್ಕೆ ಹಾಕುವುದಿಲ್ಲ. ಒಳ್ಳೆಯ ಮರದ ಕೆಲವು ಕಾಯಿಗಳನ್ನು ಸಸಿಗೆಂದು ತೆಗೆದಿಡುತ್ತಾನೆ.

ಮುದ್ರಿತವಾದ ಹಾಡು ಕೊಬ್ಬರಿ; ಬಾಯಿಂದ ಬಾಯಿಗೆ ಕಲಿಸಿದ ಹಾಡು ಬಿತ್ತನೆಯ ಕಾಯಿ. ನಮಗೆ ಎರಡೂ ಬೇಕು. ಮೊದಲನೆಯದನ್ನು ಬಾನುಲಿಯವರು ಮಾಡಿಯಾರು. ಎರಡನೆಯದು ಮಾತ್ರ ನಮ್ಮ ನಿಮ್ಮ ಮನೆಗಳಲ್ಲಿಯೇ ಆಗಬೇಕಾದ ಕೆಲಸ. ಆದುದರಿಂದ ಶ್ರೋತೃಗಳಲ್ಲಿ ನನ್ನದೊಂದು ಪ್ರಾರ್ಥನೆ: ಮುಂದಿನ ಮದುವೆಯಲ್ಲಿ ಹಸೆಯ ಮುಂದೆ ಧ್ವನಿವರ್ಧಕವನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಸೋಬಾನೆ ಬಲ್ಲ ಅಜ್ಜಿಯನ್ನು ಕರೆದು ಕೂರಿಸಿ. ಅವಳು ಒಂದು ನುಡಿ ಹೇಳಲಿ, ಮೊಮ್ಮಗಳು ಅದನ್ನೇ ತಿರುಗಿ ಹೇಳಲಿ. ಮಗುವಿನ ರಾಗ ತಪ್ಪಿದರೆ ನಗಬೇಡಿ, ಇನ್ನೊಮ್ಮೆ ಹೇಳಿಸಿ.