ಲೆಕ್ಕದ ಸೂತ್ರಕ್ಕೆ ಕನ್ನಡ ಒಗ್ಗದೇ?



ಲಿಂಗಸುಗೂರು, ಮಸ್ಕಿಯಿಂದ ಸಿಂಧನೂರಿಗೆ ಬಂದವರೇ, ಇದನ್ನು ಅಚ್ಚಿನಲ್ಲಿ ಓದುತ್ತಿರುವವರೇ, ನಾನು ಪಿಯುಸಿ ಓದಿದ ಪ್ರೆಸ್ಸಿನವನು. ಗೊತ್ತಿರುವುದು ಅಕ್ಷರ ಜೋಡಿಸುವುದೊಂದೇ.

ಮೊಳೆ ಜೋಡಿಸುವ ಕಾಲದಲ್ಲಿ ಗಣಿತದ ಪ್ರಶ್ನೆಪತ್ರಿಕೆ ಬಂತೆಂದರೆ ಕಂಪೋಸಿಟರ್ ಮುಖ ಸಿಂಡರಿಸುತ್ತಿದ್ದ. ಭಿನ್ನರಾಶಿಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಹಿತ್ತಾಳೆ ಪಟ್ಟಿ. ಬ್ಲಾಕ್ ಮಾಡಿಸಿದರೆ ಕೆಲಸ ಸಲೀಸು. ಆದರೆ ಒಂದು ಅಂಕಿ ತಪ್ಪಿದರೆ ಇಡೀ ಬ್ಲಾಕೇ ಕಸ.

ಇವತ್ತು ವೆಬ್‌ಸೈಟಿನಲ್ಲೂ ಅದೇ ಗೋಳು. ಕನ್ನಡ ಪಾಠ ಹಾಕುವ ಎಷ್ಟೋ ಜನ ಸೂತ್ರವನ್ನು ಚಿತ್ರ ಮಾಡಿ ಅಂಟಿಸುತ್ತಾರೆ. ಅದಕ್ಕೂ ನ್ಯಾಯವಿದೆ, ಎಂಥ ಹಳೆಯ ಮೊಬೈಲಿನಲ್ಲೂ ಚಿತ್ರ ಕಾಣುತ್ತದೆ. ಆದರೆ ಹಿಗ್ಗಿಸಿದರೆ ಮಸುಕು, ಹುಡುಕಿದರೆ ಸಿಗದು. ಜೊತೆಗೆ ವಿವರಣೆ ಬರೆಯದಿದ್ದರೆ, ಕಣ್ಣು ಕಾಣದ ವಿದ್ಯಾರ್ಥಿಗೆ ಪುಟ ಓದಿ ಹೇಳುವ ತಂತ್ರಾಂಶ ಅಲ್ಲಿ ಮೂಕವಾಗುತ್ತದೆ. ಆ ಹುಡುಗ ಏನು ಪಾಪ ಮಾಡಿದ್ದ ಸ್ವಾಮಿ?

ಸಾದಾ ಅಕ್ಷರದಲ್ಲೇ ಹೊಡೆದರೆ? 10³ ಎಂಬುದನ್ನು ನಕಲು ಮಾಡಿ ಬೇರೆಡೆ ಅಂಟಿಸಿ, ಎಷ್ಟೋ ಸಲ 103 ಆಗಿ ಕೂರುತ್ತದೆ. ಸಾವಿರ ಎಲ್ಲಿ, ನೂರಾ ಮೂರು ಎಲ್ಲಿ!

ಅಮೆರಿಕದ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಗಣಕ ಪುಸ್ತಕದ ಪ್ರೂಫ್ ಅಂದಗೆಟ್ಟದ್ದು ಕಂಡು ಬೇಸತ್ತು, ಸೂತ್ರ ಜೋಡಿಸಲೆಂದೇ ಟೆಕ್ ತಂತ್ರಾಂಶ ಬರೆದರು. (ಪ್ರೆಸ್ಸಿನವರ ಮೇಲಿನ ಸಿಟ್ಟಿನಿಂದ ಒಳ್ಳೆಯದೂ ಆಗುತ್ತದೆ ನೋಡಿ!) ವೆಬ್‌ಗಾಗಿ 1998ರಲ್ಲಿ ಮ್ಯಾತ್‌ಎಂಎಲ್ ಬಂತು. ಕ್ರೋಮ್ ಬ್ರೌಸರ್ ಅದಕ್ಕೆ ಕಾಯಂ ಜಾಗ ಕೊಟ್ಟದ್ದು 2023ರಲ್ಲಿ. ಇಪ್ಪತ್ತೈದು ವರ್ಷ! ನಡುವೆ ಮ್ಯಾತ್‌ಜಾಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಕೈಹಿಡಿಯಿತು. ಆದರೆ ಪುಟದ ಜೊತೆ ಅದೂ ಇಳಿದು ಬರಬೇಕು. ಸಿಗ್ನಲ್ ಸೊರಗಿದ ಹಳ್ಳಿಯಲ್ಲಿ ಅದು ಬರುವ ತನಕ ಸೂತ್ರದ ಬದಲು ಬರೀ ಗೀಟು, ಆವರಣ ಚಿಹ್ನೆ.

ಇನ್ನು ನಮ್ಮ ಕನ್ನಡದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಗುವಿಗೆ ತ್ರಾಪಿಜ್ಯದ ಪಾಠ ಹೇಳಬೇಕು: ವಿಸ್ತೀರ್ಣ = ½ × (ಮೇಲಿನ ಅಗಲ + ತಳದ ಅಗಲ) × ಆಳ. ಇದನ್ನು ಟೆಕ್ ಕ್ರಮದಲ್ಲಿ ಹಾಗೇ ಹೊಡೆದರೆ ಮ್ಯಾತ್‌ಜಾಕ್ಸ್ ಒಂದೊಂದು ಚಿಹ್ನೆಯನ್ನೂ ಬೇರೆ ಬೇರೆ ಬೆಲೆ ಎಂದು ತಿಳಿಯುತ್ತದೆ. 'ವಿಸ್ತೀರ್ಣ'ದ ಗುಣಿತ, ಒತ್ತು, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ! ಅದೇ ಪದವನ್ನು 'ಟೆಕ್ಸ್ಟ್' ಎಂಬ ಆಜ್ಞೆಯೊಳಗೆ ಇಡಿ, ಅಕ್ಷರ ಕೂಡಿಕೊಳ್ಳುತ್ತವೆ. ಇಷ್ಟೇ ಗುಟ್ಟು. ಇದನ್ನು ತಿಳಿಯದವರು "ಸೂತ್ರಕ್ಕೆ ಕನ್ನಡ ಒಗ್ಗದು" ಎಂದು ಷರಾ ಬರೆದು ಇಂಗ್ಲಿಷಿಗೆ ಮಣೆ ಹಾಕುತ್ತಾರೆ. ಒಪ್ಪಬೇಡಿ!

ನಾನು ಕೇಳುವುದು ಇಷ್ಟು. ಪಾಠ ಹಾಕುವವರು ಯುನಿಕೋಡ್ ಕನ್ನಡದಲ್ಲಿ ಬರೆದು, ಸೂತ್ರವನ್ನು ಮೊದಲೇ ಮ್ಯಾತ್‌ಎಂಎಲ್‌ಗೆ ಇಳಿಸಿಡಲಿ. ಆ ಹೊರೆ ಓದುವ ಮಗುವಿನ ಮೊಬೈಲಿಗೆ ಬೇಡ. ಹಳೆಯ ಮೊಬೈಲಿನವರಿಗೆ ಚಿತ್ರದ ಪುಟವೂ ಇರಲಿ, ಚಿತ್ರದ ಹಿಂದೆ ಕನ್ನಡದ ವಿವರಣೆ ಇರಲಿ. ಮೂರೂ ತಾಲೂಕಿನ ಗೆಳೆಯರು ಶಿಕ್ಷಣ ಇಲಾಖೆಗೆ ಮನವಿ ಕೊಡುವಾಗ ಇದನ್ನೂ ಸೇರಿಸಿ. ಮನವಿಯನ್ನು ನನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿಕೊಡುತ್ತೇನೆ, ಕಾಗದದ ದುಡ್ಡು ಮಾತ್ರ ನಿಮ್ಮದು.